ಬಚ್ಚಲಿನ ಮೇಲೆ ಹೊರಿಸಿದ ತೇವ

ಗೌರಮ್ಮ, ನಿಮ್ಮ ಮನೆಯ ಗೋಡೆ ಒದ್ದೆಯಾದದ್ದು ನಿಮ್ಮ ಸ್ನಾನದ ನೀರಿನಿಂದಲ್ಲ, ನಾನು ಮೆತ್ತಿದ ಸಿಮೆಂಟಿನಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ.

ಚಂದಕವಾಡಿಯ ಆ ಮಣ್ಣಿನ ಗೋಡೆಗಳಿಗೆ ನಿಮ್ಮ ಅತ್ತೆ ಪ್ರತಿ ವರ್ಷ ಸುಣ್ಣ ಬಳಿಸುತ್ತಿದ್ದರು. ಆ ಕಾಟವೇ ಬೇಡ, ಸಿಮೆಂಟ್ ಮೆತ್ತಿ ಪೇಂಟ್ ಹೊಡೆದರೆ ಮನೆ ಲಕಲಕ ಎನ್ನುತ್ತದೆ ಎಂದು ಆಸೆ ಹುಟ್ಟಿಸಿದವನು ನಾನೇ. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ, ಸುಣ್ಣದ ಮೂಲಕ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಆದರೂ — ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ, ನನಗೂ ಹೆಸರು ಮಾಡಬೇಕಿತ್ತು.

ಮಳೆಗಾಲ ಬಂತು. ನಿಮಗೆ ತಾಯಿ ಇರಲಿಲ್ಲ. ಬಾಣಂತನ ಗಂಡನ ಮನೆಯಲ್ಲೇ ನಡೆಯುತ್ತಿತ್ತು. ನೀವೂ ಕೂಸೂ ಮಲಗುತ್ತಿದ್ದ ಕೋಣೆಯ ಗೋಡೆಗೆ ಬೂಷ್ಟು ಹಿಡಿಯಿತು. ಅತ್ತೆ ನನ್ನನ್ನು ಕರೆಸಿದರು.

"ಯಾಕಪ್ಪ ಮೇಸ್ತ್ರಿ, ಒಸ ಗ್ವಾಡೆ ಇಂಗ್ ಒದ್ದೆಯಾಗದಲ್ಲ?"

ಗೋಡೆಯ ಆಚೆಗೇ ಬಚ್ಚಲು. ನಿಮ್ಮ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯುತ್ತಿತ್ತು.

"ಬಾಣಂತಿಗೆ ಅಂಡೆಗಟ್ಲೆ ನೀರು ಉಯ್ತಿದ್ದೀರಿ ಕಣವ್ವ. ಅದೇ ಗ್ವಾಡೆಗೆ ಇಳ್ದದೆ."

ಅಷ್ಟೇ. ನೀವು ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಿರಿ. ಮುಂದಿನ ವಾರ ಬೂಷ್ಟಿನ ಮೇಲೆ ಪೇಂಟ್ ಹೊಡೆಯಲು ಬಂದಾಗ ಹಂಡೆ ಬೋರಲು ಬಿದ್ದಿತ್ತು. ಬಾಣಂತಿಯ ನೀರು ಒಂದೇ ಬಕೆಟ್ಟಿಗೆ ಇಳಿದಿತ್ತು. ಸೊಸೆ ಮನೆ ಕೆಡಿಸಿದಳು ಎಂಬ ಮಾತು ಬೀದಿಯಲ್ಲೂ ಹಬ್ಬಿತ್ತು. ಒಳಗೆ ಕೂಸು ಕೆಮ್ಮುತ್ತಿತ್ತು. ಆಗಲಾದರೂ ನಾನು — ಇಲ್ಲ, ಬ್ರಷ್ ಅದ್ದಿಕೊಂಡು ಕೆಲಸ ಮುಂದುವರಿಸಿದೆ.

ಈಗ ಹಳೆಮನೆಗಳ ಸಿಮೆಂಟ್ ಕೆರೆದು ತೆಗೆಯುವುದೇ ನನ್ನ ಕಸುಬು. ಸುಣ್ಣದ ಗಾರೆ ಮೆತ್ತುತ್ತೇನೆ, ಮಾಡಿಗೆ ಗಾಜಿನ ಹೆಂಚು ಕೂರಿಸುತ್ತೇನೆ. ಹಗಲು ಲೈಟ್ ಬೇಕಿಲ್ಲ, ಬೇಸಿಗೆಯಲ್ಲೂ ಫ್ಯಾನ್ ಅಷ್ಟಾಗಿ ಬೇಕಿಲ್ಲ. ಮೈಸೂರಿನಿಂದ ಬಂದವರು ಗೋಡೆ ಮುಟ್ಟಿ ನೋಡಿ ಹೊಗಳುವಾಗ ಹಲ್ಲು ಕಿರಿದುಕೊಂಡು ನಿಲ್ಲುತ್ತೇನೆ. ನಾಚಿಕೆಯಾಗುತ್ತದೆ.

ಮೊನ್ನೆ ನೀವೇ ಫೋನ್ ಮಾಡಿದಿರಿ. "ಅಣ್ಣ, ಮಗಳು ಎರಿಗೆಗೆ ಬತ್ತಾವ್ಳೆ. ಬಚ್ಲ ದೂರಕ್ಕೆ ಕಟ್ಕೊಡಿ. ನನ್ನಿಂದ ಗ್ವಾಡೆ ಕೆಟ್ಟಂಗೆ ಅವಳಿಂದ ಕೆಡೋದು ಬ್ಯಾಡ."

ನನ್ನಿಂದ — ಅಂದಿರಿ. ಇಷ್ಟು ವರ್ಷವೂ ನನ್ನ ಸುಳ್ಳನ್ನು ನೀವು ನಂಬಿಕೊಂಡೇ ಬಂದಿದ್ದೀರಿ. ಫೋನ್ ಇಟ್ಟವನೇ ಇದನ್ನು ಬರೆಯಲು ಕೂತೆ.

ಬಚ್ಚಲು ಇದ್ದಲ್ಲೇ ಇರಲಿ, ತಾಯಿ. ಸೋಮವಾರ ಬರುತ್ತೇನೆ. ನಿಮ್ಮ ಅತ್ತೆಗೆ ಈಗ ಕಿವಿ ಮಂದ ಎಂದಿರಿ. ಬೀದಿಗೆ ಕೇಳಿಸಿದರೂ ಸರಿ, ಅವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ. ಅದಾದ ಮೇಲೂ ಆ ಗೋಡೆ ಮುಟ್ಟಲು ನನ್ನನ್ನು ಬಿಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟಿದ್ದು.