ಬಾಡಿಗೆಯವಳ ಕೈಯಲ್ಲಿ ಉಕ್ಕಿದ ಹಾಲು

ನಮ್ಮ ಪಣಕಹಳ್ಳಿಯ ಹೊಲದಲ್ಲಿ ಮುಸುಕಿನ ಜೋಳ ಹಾಲುಗಾಳಾದ ದಿನವೇ ಕಾಡುಹಂದಿಗಳಿಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು. ಎರಡು ಸಾವಿರದ ಇಸವಿಯ ನಂತರದ ಒಂದೆರಡು ವರ್ಷ ಸತತವಾಗಿ ಅವು ತಿಂದು ಬಿಟ್ಟದ್ದನ್ನು ನಾವು ತಿಂದೆವು. ಆಗಲೇ ನನ್ನ ತಲೆಗೆ ಹೊಳೆದದ್ದು: ಮನೆ ಬಾಡಿಗೆಯನ್ನು ಯಾವ ಹಂದಿಯೂ ತಿನ್ನುವುದಿಲ್ಲ. ಒಂದು ದಿನವೂ ಬಾಡಿಗೆ ಮನೆಯಲ್ಲಿ ಇದ್ದು ಗೊತ್ತಿಲ್ಲದ ನಾನು ಮನೆ ಮಾಲೀಕನಾಗಲು ಹೊರಟೆ.

ದುಡ್ಡು ಹೊಂದಿಸಿದ್ದು ನನ್ನ ಹೆಂಡತಿ, ತನ್ನ ಎರಡೆಳೆ ಸರ ಮಾರಿ. ನಾವು ಅಣ್ಣನ ಸಂಸಾರದ ಜೊತೆ ಒಟ್ಟಿಗಿದ್ದೆವು. ಅಡುಗೆಮನೆ ಅತ್ತಿಗೆಯದು. ಮದುವೆಯಾಗಿ ಹತ್ತು ವರ್ಷವಾದರೂ ನನ್ನವಳು ಸಾರಿಗೆ ಉಪ್ಪು ಹಾಕುವ ಮೊದಲು ಅತ್ತಿಗೆಯ ಮುಖ ನೋಡಬೇಕಿತ್ತು. ಸರವನ್ನು ನನ್ನ ಕೈಗಿಡುವಾಗ ಅವಳು ಒಂದೇ ಮಾತು ಕೇಳಿದಳು.

"ಮಗ್ಳು ಐದ್ನೇ ಕ್ಲಾಸು ಮುಗ್ಸಾಗಂಟ ಬಾಡಿಗಗ ಬುಡಿ. ಆಮೇಲ ಆ ಮನಗ ನಾವೇ ಓಗದು. ಅಲ್ಲಿ ಅಡುಗ ಒಲ ನಂದು. ಆಯ್ತಾ?"

ಆಯಿತು ಎಂದೆ. ಅಷ್ಟು ಸಲೀಸಾಗಿ ನಾನು ಬದುಕಿನಲ್ಲಿ ಬೇರೆ ಯಾವುದಕ್ಕೂ ಒಪ್ಪಿಲ್ಲ.

ಮನೆ ಸಿಕ್ಕಿದ್ದು ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಹೆಂಚಿನ ಮನೆ, ಎರಡು ಕೋಣೆ, ಬೆಳಕಿರುವ ಒಂದು ಅಡುಗೆಮನೆ. ಬಸ್ ನಿಲ್ದಾಣದಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳು ಆಗಲೇ ಅದರಲ್ಲಿ ಬಾಡಿಗೆಗಿದ್ದಳು. ಗಂಡ ತರಕಾರಿ ಲಾರಿಗೆ ಮೂಟೆ ಹೇರುವವನು. ಮನೆ ತೋರಿಸಿದ ದಲ್ಲಾಳಿ, "ಬಾಡಿಗದೋರ ಸಮೇತ ಸಿಕ್ತಾ ಅದ ಕಣ್ಲಾ, ನಿಂದು ಅದೃಷ್ಟ" ಎಂದು ನನ್ನ ಬೆನ್ನು ತಟ್ಟಿದ. ನಾನು ಉಬ್ಬಿಹೋದೆ.

ಪತ್ರ ನೋಂದಣಿಗೆ ಗೊತ್ತುಮಾಡಿದ ದಿನ ಬೆಳಿಗ್ಗೆ ಹೆಂಡತಿ ಮುಟ್ಟಾದಳು. ದಿನ ಮುಂದೆ ಹಾಕೋಣವೆಂದರೆ ಮಾರುವವನು ಮರುದಿನವೇ ತಿರುಪ್ಪೂರಿಗೆ ಗಂಟುಮೂಟೆ ಕಟ್ಟಿದ್ದ. ಮನೆ ಕೈಗೆ ಬಂದ ದಿನವೇ ಅಲ್ಲಿ ಹಾಲುಕ್ಕಿಸಬೇಕು, ಅದು ನಮ್ಮ ಕಡೆ ತಪ್ಪಿಸುವ ಹಾಗಿಲ್ಲ. ಅದೂ ಮನೆಯ ಹೆಂಗಸಿನ ಕೈಯಲ್ಲೇ ಉಕ್ಕಬೇಕು. ನನ್ನವಳು ಒಳಗೆ ಬರುವಂತಿಲ್ಲ. ಅತ್ತಿಗೆ ಆಗಲೇ ರೇಷ್ಮೆ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಹಾಲುಕ್ಕಿದರೆ ಮುಗಿಯಿತು, ಆ ಒಲೆಯೂ ಅವರದೇ ಆಗುತ್ತದೆ. ನನ್ನವಳು ಹೊರಗಿನ ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಎಲ್ಲರಿಗಿಂತ ಬುದ್ಧಿವಂತ ನಾನು. "ಆ ಮನೇಲಿ ಬಾಡಿಗದೋರು ಅವ್ರ, ಜಾಗ ಇಲ್ಲ, ಆಮೇಲೆ ನೋಡುವ" ಎಂದು ಅತ್ತಿಗೆಯನ್ನು ಬಿಟ್ಟು ಒಬ್ಬನೇ ಮೊಪೆಡ್ ಹತ್ತಿದೆ. ಪತ್ರ ಮುಗಿಸಿ ಸೀದಾ ಆ ಮನೆಗೆ ಹೋಗಿ ಹೂವಿನಾಕೆಗೆ ಉಕ್ಕಿಸಲು ಹಾಲು ಕೊಟ್ಟೆ. ಹೂ ಕಟ್ಟುವ ಕೈ, ಒಳ್ಳೆಯದೇ ಆಗುತ್ತದೆ, ಮೇಲಾಗಿ ನಾಳೆ ಹೋಗುವವಳು, ಹಕ್ಕು ಸಾಧಿಸಲಾರಳು ಎಂದು ನನ್ನ ಲೆಕ್ಕಾಚಾರ. ಅವಳು ಮೊದಲು ಹಿಂಜರಿದಳು. "ನಾನಾ ಅಣ್ಣ? ನಾನ್ ಬಾಡಿಗದೋಳು" ಎಂದಳು. ನಾನೇ ಒತ್ತಾಯ ಮಾಡಿದೆ. ಹಾಲು ಮೂಡಲ ಕಡೆಗೆ ಚೆನ್ನಾಗಿ ಉಕ್ಕಿ ಚೆಲ್ಲಿತು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿದರು. ಅವಳು ಒಲೆಗೆ ಕೈಮುಗಿದು ಅತ್ತುಬಿಟ್ಟಳು.

ಮನೆಗೆ ಬಂದು ಹೆಂಡತಿಗೆ, ನಿನ್ನ ಹೆಸರು ಹೇಳಿ ನಾನೇ ಉಕ್ಕಿಸಿದೆ ಎಂದು ಸುಳ್ಳು ಹೇಳಿದೆ.

ಹೂವಿನಾಕೆಯ ಬಗ್ಗೆ ಒಂದು ದೂರು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಬೇಕು. ತಿಂಗಳು ಹುಟ್ಟಿದ ಕೂಡಲೇ ಬಾಡಿಗೆ, ಜೊತೆಗೆ ಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ಆ ಹೂವನ್ನು ನನ್ನವಳು ಮುಡಿಯುತ್ತಿದ್ದಳು. ಮಗಳು ಐದನೇ ಕ್ಲಾಸು ಮುಗಿಸಿದಳು. ನಾನು ಹೋಗಿ, ಬೇರೆ ಮನೆ ನೋಡಿಕೋ ತಾಯಿ ಎಂದೆ. ಅವಳಿಗೆ ನನ್ನ ಮಾತು ಅರ್ಥವೇ ಆಗಲಿಲ್ಲ.

"ಏನಣ್ಣ ಇಂಗಂತೀರಿ? ನೀವೇ ಅಲ್ವ ನನ್ ಕೈಲಿ ಆಲು ಉಕ್ಸುದ್ದು? ಅವತ್ತಿಂದ ಈ ಮನ ನನ್ನ ಕೈ ಇಡುದದ. ಮಕ್ಳಾಗ್ದೇ ಇದ್ದ ಮಗ್ಳು ಬಸುರಾದ್ಲು, ಇಲ್ಲೇ ಬಾಣಂತನ ಮಾಡ್ದೆ. ಇಂತಾ ಒಲ ಬುಟ್ಟು ನಾ ಎಂಗ ಓಗ್ಲಿ ಏಳಿ?"

ಮೋಸದ ಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ನಂಬಿ ಹೇಳುತ್ತಿದ್ದಳು. ಬೀದಿಯವರೂ ನಂಬಿದ್ದರು. ಊರಿನ ಯಜಮಾನರೊಬ್ಬರ ಹತ್ತಿರ ನ್ಯಾಯ ಕೇಳಲು ಹೋದೆ. ಅವರು ಎಲೆಯಡಿಕೆ ಅಗಿಯುತ್ತಾ ನನ್ನನ್ನೇ ಕೇಳಿದರು: "ಆಲು ಉಕ್ಕಿಸ್ದೋಳ ಕಣ್ಣೀರು ಆಕಿಸ್ಬುಟ್ಟು, ಅದೇ ಒಲೇಲಿ ನಿನ್ ಎಂಡ್ತಿ ಕೈಲಿ ಬೆಂಕಿ ಅಚ್ಚಿಸ್ತೀಯೇನ್ಲಾ?" ಹೋಗಲಿ, ಮಾರಿಬಿಡೋಣವೆಂದು ದಲ್ಲಾಳಿಯನ್ನು ಹಿಡಿದರೆ, ವಿಷಯ ಗೊತ್ತಿದ್ದ ಯಾರೂ ಆ ಮನೆಯ ಹತ್ತಿರ ಸುಳಿಯಲಿಲ್ಲ. ಪೊಲೀಸು, ಕೋರ್ಟು ಎಂದು ಹೋಗುವ ದಾರಿ ಇತ್ತು. ನಿಜ ಹೇಳಬೇಕೆಂದರೆ ನಾನು ಹೋಗದಿದ್ದದ್ದು ಊರಿಗೆ ಹೆದರಿ ಅಲ್ಲ. ನನಗೂ ಅದೇ ನಂಬಿಕೆ. ಅವಳನ್ನು ಎಬ್ಬಿಸಿದರೆ ನನ್ನ ಹೆಂಡತಿ ಮಗಳಿಗೆ ಏನಾದರೂ ಆದೀತೆಂದು ಹೆದರಿದ್ದೆ.

ಹೀಗೆ ಎರಡು ವರ್ಷ ಸಿಕ್ಕಿಬಿದ್ದೆ. ಮನೆ ನನ್ನದು, ಒಳಗೆ ಕಾಲಿಡಲು ನಾನು ಬಾಗಿಲು ತಟ್ಟಬೇಕು. ಹೆಂಡತಿ ಕೇಳಿದಾಗಲೆಲ್ಲ ಒಂದು ನೆಪ: ಆಷಾಢ, ಹೆಂಚು ಬದಲಿಸಬೇಕು, ಎಂದೋ ಮುಗಿದಿದ್ದ ಅವರ ಮಗಳ ಬಾಣಂತನ. ಆಷಾಢವನ್ನಂತೂ ಕನ್ನಡದ್ದು ಮುಗಿದ ಮೇಲೆ ತಮಿಳಿನ ಆಡಿ ತಿಂಗಳು ಎಂದು ಎಳೆದೆ. ಮಗಳು ದಿನಾ ತುಂಬಿದ ಬಸ್ಸಿನಲ್ಲಿ ಜೋತುಬಿದ್ದು ತಾಳವಾಡಿಯ ಶಾಲೆಗೆ ಹೋಗಿ ಬರುತ್ತಿದ್ದಳು. ಅತ್ತಿಗೆ ಊಟಕ್ಕೆ ಬಡಿಸುವಾಗ, "ಸಿಟಿ ಮನ ಇರೋರ್ಗ ನಮ್ ಮುದ್ದ ರುಚಿಸ್ತದಾ?" ಎಂದು ಕುಟುಕುವರು. ನನ್ನವಳು ತಲೆ ಎತ್ತದೆ ಉಣ್ಣುವಳು. ಅವಳೆದುರು ಕೂರುವುದೇ ನನಗೆ ಹಿಂಸೆಯಾಗಿತ್ತು.

ಒಂದು ದಿನ ನನಗೆ ಹೇಳದೆ ಅವಳು ಬಸ್ಸು ಹತ್ತಿದಳು. ಸುದ್ದಿ ತಿಳಿದು ಮೊಪೆಡ್ಡಿನಲ್ಲಿ ಹಿಂದೆ ಬಿದ್ದವನು ತಲುಪುವ ಹೊತ್ತಿಗೆ ತಡವಾಗಿತ್ತು. ನನ್ನವಳು ಆ ಮನೆಯ ನಡುಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಹೂವಿನಾಕೆ ಅವಳಿಗೆ ಅರಿಶಿನ ಕುಂಕುಮ ಕೊಟ್ಟು, ತಲೆಗೆ ಹೂ ಮುಡಿಸಿ, ಅತಿಥಿಗೆ ಮಾಡುವ ಎಲ್ಲ ಉಪಚಾರ ಮಾಡುತ್ತಾ, "ನಿಮ್ಮೆಜಮಾನ್ರು ದೇವ್ರಂತೋರು ಕಣಕ್ಕ, ಬಾಡಿಗದೋಳು ಅನ್ನದೆ ನನ್ ಕೈಲೇ ಆಲು ಉಕ್ಸುದ್ರು" ಎನ್ನುತ್ತಿದ್ದಳು.

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡದೆ, ಒಲೆಯನ್ನು ನೋಡಿದಳು. ಬೀದಿಗೆ ಬಂದ ಮೇಲೆ ಹೇಳಿದಳು:

"ಅವ್ಳು ಇರ್ಲಿ ಬುಡಿ. ಆದ್ರ ನಾನು ನಿಮ್ ಅತ್ತಿಗ ಒಲ ಮುಂದಕ್ಕ ಇನ್ನ ಬರಲ್ಲ. ಎಲ್ಲಾದ್ರೂ ಒಂದು ಮನ ನೋಡಿ."

ಅದೇ ವಾರ ಎರಡು ಬೀದಿಯಾಚೆ ಒಂದು ಮನೆ ನೋಡಿದೆವು. ಒಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ, ಗೋಡೆಯೆಲ್ಲ ಮಸಿ. ಮನೆಯ ಮಾಲೀಕರು ವಯಸ್ಸಾದವರು, ಮರ್ಯಾದಸ್ಥರು. ಮನೆ ಮಾಲೀಕನಾದವನು ಬಾಡಿಗೆದಾರನನ್ನು ಕೇಳಬೇಕಾದ, ನಾನು ಎಂದೂ ಕೇಳಲು ಕಲಿಯದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಎಷ್ಟು ಜನ, ಎಷ್ಟು ದಿನ ಇರುತ್ತೀರಿ, ಬಿಡು ಎಂದಾಗ ಬಿಡುತ್ತೀರಾ. ಕೊನೆಗೆ, "ನಿಮ್ಗ ಸ್ವಂತ ಮನ ಇಲ್ವಾಪ್ಪ?" ಎಂದರು.

ನಾನು ಬಾಯಿ ತೆರೆದೆ. ನನಗಿಂತ ಮೊದಲೇ ನನ್ನ ಹೆಂಡತಿ, ಮಸಿ ಹಿಡಿದ ಆ ಗೋಡೆಯನ್ನು ಸೆರಗಿನಿಂದ ಒರೆಸುತ್ತಾ, "ಇಲ್ಲ" ಎಂದಳು.