ಉರಾನೊ ಅವರ ಸೋಮವಾರದ ಪಟ್ಟಿ

"ತಲೆ ಅಲ್ಲಾಡಿಸ್ಬೇಡ ಮರಿ, ಕಿವಿ ಕೈಗೆ ಬರುತ್ತೆ. ಮೂರನೇದು ಯಾವುದು ಹೇಳ್ಲಾ?"

"ಬೇಗ ಹೇಳಿ ಯಜಮಾನ್ರೇ!"

"ಫೆಬ್ರವರಿ. ಹಿಮ ಬಿದ್ದು ರೈಲು ನಿಂತಿತ್ತಲ್ಲ, ಆ ಸೋಮವಾರ. ಡ್ರಮ್ಸ್ ಬಾರಿಸೋನು ಬರಲೇ ಇಲ್ಲ. ಉಳಿದ ಮೂವರು ಏನ್ಮಾಡಿದ್ರು ಗೊತ್ತಾ? ಡ್ರಮ್ಸ್ ಬರೋ ಕಡೆಯೆಲ್ಲ ಬಾರಿಸೋದು ನಿಲ್ಸಿ ಸುಮ್ನೆ ನಿಂತ್ರು. ಆ ಖಾಲಿ ಜಾಗ ಇದ್ಯಲ್ಲ, ಅಬ್ಬಾ, ಅದು ನನಗೆ ಕೇಳಿಸ್ತಿತ್ತು ಕಣೋ!"

"ಅದೆಲ್ಲ ಕೇಳಿಸುತ್ತೆ," ಎಂದರು ಕ್ಷೌರಿಕ ಉರಾನೊ ಅವರ ಹೆಂಡತಿ ತೊಮೊಯೊ, ಬಿಸಿ ಟವೆಲ್ ಹಿಂಡುತ್ತ. "ಮನೇಲಿ ನಾನು ಕೂಗಿದ್ದು ಮಾತ್ರ ಕೇಳಿಸಲ್ಲ."

ನನ್ನ ಕೂದಲು ಅರ್ಧ ಇಳಿದಿತ್ತು, ಪಟ್ಟಿಯಲ್ಲಿ ಇನ್ನೂ ಎರಡು ಬಾಕಿ ಇತ್ತು. ಟೋಕಿಯೋದ ಕೊಯೆಂಜಿಯ ಈ ಕ್ಷೌರದ ಅಂಗಡಿಗೆ ನಾನು ಬರುವುದು ಕೂದಲಿಗಾಗಿ ಅಲ್ಲವೇ ಅಲ್ಲ! ವರ್ಷದ ಕೊನೆಗೆ ಉರಾನೊ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ, ಆ ವರ್ಷ ಕೇಳಿದ ಐದು ಒಳ್ಳೆಯ ಕಛೇರಿಗಳನ್ನು ಬ್ರಷ್‌ನಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸುತ್ತಾರೆ. ಅಂಥ ಹಾಳೆಗಳು ಗೋಡೆಯ ಮೇಲೆ ಇಪ್ಪತ್ತಾರು. ಅದರಲ್ಲಿ ಹೆಸರಾಂತವರು ಒಬ್ಬರೂ ಇಲ್ಲ, ಯಾಕೆಂದರೆ ಟೋಕಿಯೋದ ಕ್ಷೌರಿಕರಿಗೆ ರಜೆ ಸೋಮವಾರ. ಅಂಗಡಿಯ ಎದುರಿನ ನೆಲಮಾಳಿಗೆಯ ಹಾಡಿನ ಮನೆಯಲ್ಲಿ ಸೋಮವಾರ ಹಾಡುವವರು, ಬೇರೆ ಯಾವ ದಿನವೂ ಸಿಗದವರು. ಹಗಲು ಬ್ರೆಡ್ಡು ಮಾರಿ, ಲೆಕ್ಕ ಬರೆದು, ಸಂಜೆ ಆರೂವರೆಗೆ ಏಳೆಂಟು ಜನರ ಮುಂದೆ ನಿಲ್ಲುವವರು. ಅವರನ್ನು ಉರಾನೊ ಅಷ್ಟೊಂದು ಪ್ರೀತಿಯಿಂದ ಕೇಳುತ್ತಾರೆ ಅಂದರೆ, ಪಕ್ಕದಲ್ಲಿ ಕೂತವರಿಗೂ ಹಾಡು ಚೆನ್ನಾಗಿ ಕೇಳಿಸತೊಡಗುತ್ತದೆ. ನಿಜವಾಗಿಯೂ!

"ಎರಡನೇದು?" ಎಂದೆ.

"ಅಣ್ಣ ತಮ್ಮ ಒಂದೇ ತಂತಿ ಶ್ರುತಿ ಮಾಡೋಕೆ ಹನ್ನೊಂದು ನಿಮಿಷ ಜಗಳ ಆಡಿದ್ರಲ್ಲ, ಅದು. ಜಗಳಾನೇ ಎಷ್ಟು ಶ್ರುತೀಲಿ ಇತ್ತು! ಮೊದಲನೇದು ನಿನಗೆ ಗೊತ್ತೇ ಇದೆ."

ಗೊತ್ತಿತ್ತು. ಜೂನ್ ತಿಂಗಳು, ಚಿನಾತ್ಸು. ಬೇಕರಿಯಲ್ಲಿ ಕೆಲಸ ಮಾಡುವ ಆಕೆ ಅಕಾರ್ಡಿಯನ್ ಹಿಡಿದು ಹಾಡುವಾಗ ಮೈಕು ಕೈಕೊಟ್ಟಿತು. ವೇದಿಕೆಯಿಂದ ಇಳಿದು ಬಂದು ನಮ್ಮ ಮಧ್ಯೆ ಬಿಯರ್ ಕ್ರೇಟಿನ ಮೇಲೆ ಕೂತು, ಪಕ್ಕದ ಮನೆಯವಳು ಮಾತಾಡಿದ ಹಾಗೆ ಹಾಡಿದಳು. ಅವತ್ತು ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದವರೇ ಈ ಉರಾನೊ. ನಮ್ಮ ಗೆಳೆತನ ಶುರುವಾದದ್ದೇ ಹಾಗೆ.

ನನ್ನ ಕಣ್ಣು ಗೋಡೆಗೆ ಹೋಯಿತು. "ಯಜಮಾನ್ರೇ, ಹೋದ ವರ್ಷದ ಮೊದಲನೆಯವರು ಈಗೆಲ್ಲಿ ಹಾಡ್ತಾರೆ?"

"ಬಿಟ್ಬಿಟ್ರು."

"ಅದರ ಹಿಂದಿನ ವರ್ಷದವರು?"

"ಅವ್ರೂ." ಕತ್ತರಿ ನಿಧಾನವಾಯಿತು. "ಎಲ್ರೂ ಬಿಟ್ಟಿದ್ದಾರೆ ಮರಿ. ಸೋಮವಾರ ಅಂದ್ರೆ ಹಾಗೇ."

ಹೇಳಬೇಕೋ ಬೇಡವೋ ಎಂದು ಮೂರು ದಿನದಿಂದ ಒದ್ದಾಡಿದ್ದೆ. ಬಾಯಿ ತಡೆಯಲಿಲ್ಲ. "ಹಾಡಿನ ಮನೆ ಬಾಗಿಲಲ್ಲಿ 'ಇವತ್ತು ಯಾರನ್ನ ಕೇಳೋಕೆ ಬಂದ್ರಿ' ಅಂತ ಕೇಳ್ತಾರಲ್ಲ, ನೀವೇನಂತೀರಿ?"

"'ಎಲ್ಲರನ್ನೂ' ಅಂತೀನಿ. ಹಾಡೋರು ಅಲ್ಲೇ ನಿಂತಿರ್ತಾರೆ. ಒಬ್ರ ಹೆಸರು ಹೇಳಿದ್ರೆ ಉಳಿದೋರ ಮನಸ್ಸಿಗೆ ಏನನ್ಸುತ್ತೆ?"

"'ಎಲ್ಲರನ್ನೂ' ಅಂದ್ರೆ ಯಾರ ಹೆಸರಿಗೂ ಗೆರೆ ಬೀಳಲ್ಲ ಯಜಮಾನ್ರೇ."

ಬಾಗಿಲಲ್ಲಿ ಕೂರುವ ರೆಯ್ಕಾ ನನ್ನ ಕ್ಲಾಸಿನವಳು, ಹೇಳಿದ್ದು ಅವಳೇ. ಯಾರ ಹೆಸರು ಹೇಳುತ್ತೇವೋ ಅವರಿಗೆ ಒಂದು ಗೆರೆ. ಎಣಿಕೆಗೆ ಬಳಸುವ ಜಪಾನಿ ಅಕ್ಷರಕ್ಕೆ ಐದೇ ಗೆರೆ, ಐದು ಬಿದ್ದರೆ ಒಂದು ಅಕ್ಷರ ಪೂರ್ತಿ. ಅಕ್ಷರ ತುಂಬದವರನ್ನು ಕೆಲವು ಸಲ ನೋಡಿ, ಆಮೇಲೆ ಕರೆಯುವುದನ್ನು ಬಿಡುತ್ತಾರೆ. ಚಿನಾತ್ಸುಗೆ ಹೋದ ಸಲ ಬಿದ್ದದ್ದು ಎರಡು. ಬರುವ ಸೋಮವಾರ ಐದು ಬೀಳದಿದ್ದರೆ ಹೊಸ ವರ್ಷದಲ್ಲಿ ಅವಳಿಗೆ ಅಲ್ಲಿ ಹಾಡಿಲ್ಲ.

ಕತ್ತರಿ ನಿಂತೇಹೋಯಿತು. ಉರಾನೊ ನನ್ನನ್ನು ಅರ್ಧ ತಲೆಯಲ್ಲಿ ಬಿಟ್ಟು ಗೋಡೆಯ ಹತ್ತಿರ ಹೋದರು. ಒಂದೊಂದು ಹಾಳೆಯ ಮೊದಲನೇ ಹೆಸರಿನ ಮೇಲೂ ಬೆರಳಿಟ್ಟು, ತುಟಿಯಲ್ಲೇ ಓದಿದರು. ಇಪ್ಪತ್ತಾರನ್ನೂ.

"'ಎಲ್ಲರನ್ನೂ' ಅನ್ನೋದೇ ಮರ್ಯಾದೆ ಅಂದ್ಕೊಂಡಿದ್ದೆ," ಎಂದರು.

"ನಿಮ್ಮ ಒಂದು ಗೆರೆಯಿಂದ ಯಾರ ಹಣೆಬರಹವೂ ಬದಲಾಗ್ತಿರ್ಲಿಲ್ಲ ಬಿಡಿ," ಎಂದರು ತೊಮೊಯೊ. ಟವೆಲ್ ಮಡಿಸಿಟ್ಟು, "ಆದ್ರೂ ಹೇಳ್ಬಹುದಿತ್ತು," ಎಂದರು.

ಆಮೇಲಿನ ನಾಲ್ಕು ದಿನ ಅಂಗಡಿಗೆ ಬಂದವರಿಗೆಲ್ಲ ಚಿನಾತ್ಸು ಪುರಾಣ! ಗಂಟಲ ಮೇಲೆ ಕತ್ತಿ ಇದ್ದಾಗ ಬರಲ್ಲ ಅನ್ನೋಕೆ ಯಾರಿಗೆ ಧೈರ್ಯ? ಹಾಗೆ ಒಪ್ಪಿಕೊಂಡವರಲ್ಲಿ ನಿಜಕ್ಕೂ ಬರುತ್ತೇನೆಂದು ಮಾತು ಕೊಟ್ಟವರು ಇಬ್ಬರು: ನಿವೃತ್ತ ಬಸ್ ಡ್ರೈವರ್ ಕುಸುಮೊತೊ, ಔಷಧಿ ಅಂಗಡಿಯ ಹಿರಾಯಿ. ಕಡೆಗೆ ತೊಮೊಯೊ ಕೂಡ ಕೋಟು ಹಾಕಿಕೊಂಡರು. "ಇಪ್ಪತ್ತಾರು ವರ್ಷ ಸೋಮವಾರ ಟೀವಿ ನನ್ನದಾಗಿತ್ತು, ಅದಕ್ಕೂ ಕಲ್ಲು ಹಾಕಿದ್ರಿ."

ಸೋಮವಾರ ಮೆಟ್ಟಿಲಿಳಿದಾಗ ಹಿರಾಯಿ ಪತ್ತೆ ಇರಲಿಲ್ಲ. ಚಿನಾತ್ಸುವಿನ ಬೇಕರಿ ಗೆಳತಿ ಆಗಲೇ ಒಂದು ಗೆರೆ ಹಾಕಿಸಿದ್ದಳು. ಕುಸುಮೊತೊ, ನಾನು: ಮೂರು. ಉರಾನೊ, ತೊಮೊಯೊ ಸೇರಿದರೆ ಸರಿಯಾಗಿ ಐದು.

"ಇವತ್ತು ಯಾರನ್ನ ಕೇಳೋಕೆ ಬಂದ್ರಿ?" ಎಂದಳು ರೆಯ್ಕಾ.

ಉರಾನೊ ಬಾಯಿ ತೆರೆದರು. ಬಾಗಿಲ ಪಕ್ಕದಲ್ಲೇ ಅಂದು ಮೊದಲು ಹಾಡಬೇಕಾದವರು ನಿಂತಿದ್ದರು, ಬೂಟಿಗೆ ಪಾಲಿಶ್ ಹಾಕಿ, ಗಿಟಾರ್ ತಬ್ಬಿಕೊಂಡ ನಡುವಯಸ್ಸಿನ ಗುಮಾಸ್ತ. ಅವರ ಹೆಸರಿನ ಮುಂದೆ ಒಂದು ಗೆರೆಯೂ ಇರಲಿಲ್ಲ. ಉರಾನೊ ಅವರ ಕಿವಿ ಕೆಂಪಾಯಿತು.

"ಚಿನಾತ್ಸು," ಎಂದರು ಕೊನೆಗೂ. ಎಂದವರೇ ಆ ಗುಮಾಸ್ತರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅವರು ಇನ್ನೂ ಆಳಕ್ಕೆ ಬಗ್ಗಿದರು.

ತೊಮೊಯೊ ಇದನ್ನೆಲ್ಲ ನೋಡಿದರು. ನೇರ ಗುಮಾಸ್ತರನ್ನೇ ಕೇಳಿದರು: "ನಿಮ್ಮ ಹೆಸರೇನು?"

"ಇ... ಇವಾಬುಚಿ."

"ನಾನು ಬಂದಿದ್ದು ಇವಾಬುಚಿ ಅವ್ರನ್ನ ಕೇಳೋಕೆ," ಎಂದರು ರೆಯ್ಕಾಗೆ.

"ಏನೇ ಇದು!" ಒಳಗೆ ಬಂದ ಮೇಲೆ ಉರಾನೊ ಪಿಸುಗುಟ್ಟಿದರು.

"ಒಬ್ರ ಹೆಸರು ಹೇಳ್ಬೇಕು ಅಂದ್ರಿ, ಹೇಳ್ದೆ ರೀ."

ಚಿನಾತ್ಸುಗೆ ನಾಲ್ಕೇ! ಇವಾಬುಚಿ ಎರಡನೇ ಹಾಡಿನ ಮಾತು ಮರೆತರು, ಕ್ಷಮೆ ಕೇಳಿ ಮೊದಲಿಂದ ಶುರು ಮಾಡಿದರು, ಮತ್ತೆ ಮರೆತರು. ಮೂರನೇ ಸಲ ನಮಗೇ ಬಾಯಿಪಾಠವಾಗಿತ್ತು, ಎಲ್ಲರೂ ಸೇರಿ ಅವರನ್ನು ದಾಟಿಸಿದೆವು. ತೊಮೊಯೊ ಅವರದ್ದೇ ಎಲ್ಲರಿಗಿಂತ ದೊಡ್ಡ ದನಿ. ನಾನು ಮಾತ್ರ ಬಾಗಿಲು ನೋಡುತ್ತಲೇ ಇದ್ದೆ. ಚಿನಾತ್ಸು ಅಕಾರ್ಡಿಯನ್ ಹೆಗಲಿಗೇರಿಸುವ ಹೊತ್ತಿಗೆ ಹೊರಗಿಂದ ಏದುಸಿರು ಬಿಡುತ್ತಿದ್ದ ದನಿ ಕೇಳಿತು: "ಚಿನಾತ್ಸು! ಚಿನಾತ್ಸು ಅಂತ ಬರ್ಕೊಳ್ಳಮ್ಮ! ಗಿರಾಕಿ ಬಿಡ್ಲೇ ಇಲ್ಲ."

ಹಿರಾಯಿ! ಐದು!

ಉರಾನೊ ಹಾಡಿನುದ್ದಕ್ಕೂ ಕಣ್ಣು ಮುಚ್ಚಿದ್ದರು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರೂ ಅವರ ಕೈ ಮಡಿಲಲ್ಲೇ ಇತ್ತು. "ಗೋಡೆ ಮೇಲಿನ ಆ ಇಪ್ಪತ್ತಾರು ಜನಾನೂ ಹೀಗೇ ಹಾಡ್ತಿದ್ರು ಮರಿ," ಎಂದರು.

ಮೆಟ್ಟಿಲು ಹತ್ತುವಾಗ ತೊಮೊಯೊ ಮಫ್ಲರ್ ಸುತ್ತಿಕೊಳ್ಳುತ್ತ ನಿಂತರು. "ರೀ, ಇವಾಬುಚಿ ಮುಂದಿನ ಸೋಮವಾರಾನೂ ಹಾಡ್ತಾರಂತೆ. ನನ್ನದೊಂದೇ ಗೆರೆ ಸಾಲಲ್ಲ, ಇನ್ನೂ ನಾಲ್ಕು ಬೇಕು."

"ಟೀವಿ?"

"ಅದು ಎಲ್ಲಿಗೂ ಓಡಿಹೋಗಲ್ಲ."

ಉರಾನೊ ನನ್ನ ಕಡೆ ತಿರುಗಿದರು. "ಮರಿ, ಸೋಮವಾರ ಆರು ಗಂಟೆಗೆ ಅಂಗಡಿ ಮುಂದೆ ಇರು. ಹಿರಾಯಿನ ನಾವೇ ಕೈಹಿಡಿದು ಎಳ್ಕೊಂಡು ಬರೋಣ."