ಇಸ್ತ್ರಿ ಬೇಡದ ಅಂಗಿಗಳು

ನಾವು ಚಿಕ್ಕವರಿದ್ದ ಕಾಲಕ್ಕೆ ನಮ್ಮೂರು ಎಕಂಬಾದಲ್ಲಿ ಹೊಸ ಬಟ್ಟೆ ಬರುತ್ತಿದ್ದುದು ಹಬ್ಬಕ್ಕೆ ಮಾತ್ರ. ಅದನ್ನೂ ಒಂದು ದಿನ ತೊಟ್ಟು, ಡಾಂಬರಗುಳಿಗೆ ವಾಸನೆಯ ಟ್ರಂಕಿನಲ್ಲಿ ಮಡಚಿಡಬೇಕು. ಹಾಗಿರುವಾಗ ಹಬ್ಬವಿಲ್ಲ, ಮದುವೆಯಿಲ್ಲ, ಒಂದು ಬೇಸಿಗೆಯ ಬೆಳಿಗ್ಗೆ ಅವ್ವ ನನ್ನನ್ನು ಬಸ್ಸು ಹತ್ತಿಸಿ ಭಾಲ್ಕಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಜರಿಯಂಚಿನ ಗುಲಾಬಿ ಫ್ರಾಕು.

"ಮದವಿಗೇನ್ರಿ ಅಕ್ಕಾ?" ಅಂಗಡಿಯವರು ಕೇಳಿದರು.

"ಅಲ್ರಿ, ದಿನಾ ಹಾಕಲಾಕ. ಇಸ್ತ್ರಿ ಬ್ಯಾಡಾದ್ದು, ಹೊಲಸಾದ್ರೂ ಎದ್ದು ಕಾಣಲಾರದ್ದು ತೋರಸ್ರಿ."

ಅವ್ವ ಒಂದೊಂದು ಅಂಗಿಯನ್ನೂ ಮುಷ್ಟಿಯಲ್ಲಿ ಹಿಚುಕಿ ಬಿಡುವಳು. ಸುಕ್ಕು ಉಳಿದರೆ ಪಕ್ಕಕ್ಕೆ. ಒಳಗು ಹೊರಗು ಮಾಡಿ ಹೊಲಿಗೆ ಜಗ್ಗುವಳು. ಗುಲಾಬಿ ಫ್ರಾಕನ್ನು ನಾನೇ ಎಳೆದುಕೊಟ್ಟಾಗ ಬೆನ್ನಿನ ಗುಂಡಿಗಳನ್ನು ನೋಡಿ ಕೆಳಗಿಟ್ಟಳು.

"ಹಿಂದಿನ ಗುಂಡಿ ನಿನಗ ಹಾಕ್ಕೊಳ್ಳಲಾಕ ಆಗಲ್ಲ."

"ನೀ ಹಾಕ್ತಿ ಅಲ್ಲವ್ವಾ?"

ಅವ್ವ ತಾನು ಆರಿಸಿಟ್ಟ ಅಂಗಿಗಳನ್ನು ಅಂಗಡಿಯವರ ಕಡೆ ಸರಿಸಿದಳು. "ಇವೇ ಬಣ್ಣದಾಗ ದೊಡ್ಡ ಅಳತೀವೂ ಕೊಡ್ರಿ. ಬರೋ ವರ್ಷಕ್ಕ, ಅದರ ಮುಂದಿನ ವರ್ಷಕ್ಕ."

ಕಂದು, ಬೂದಿ, ಕಡುನೀಲಿ. ಬಸ್‌ಸ್ಟ್ಯಾಂಡಿನವರೆಗೂ ಅಳುತ್ತ ಬಂದೆ. ಅವ್ವ ಕಬ್ಬಿನ ಹಾಲು ಕೊಡಿಸಿದಳು. ತಾನೊಂದು ಗುಟುಕು ಕುಡಿದು, ಮುಖ ಕಿವಿಚಿ, ಗ್ಲಾಸನ್ನು ನನಗೇ ಕೊಟ್ಟಳು.

ಮರುದಿನ ಅಪ್ಪನನ್ನು ಒಗೆಯುವ ಕಲ್ಲಿನ ಮುಂದೆ ಕೂರಿಸಿದಳು. ಹೊಲದ ಕೆಲಸ ಬಿಟ್ಟು ಬೇರೇನೂ ಅರಿಯದ ಮನುಷ್ಯ.

"ಭಾಳ ತಿಕ್ಕಬ್ಯಾಡ್ರಿ. ಝಾಡಿಸಿ ಹಾಕಿದ್ರ ತಾನೇ ನೆಟ್ಟಗಾಗ್ತದ."

"ಆಪರೇಷನ್ ಆದಮ್ಯಾಲ ನೀ ಆರಾಮಾಗಿ ಬರ್ತಿ. ಇದೆಲ್ಲ ಈಗ ಯಾಕ?"

"ಬರ್ತೇನಿ. ಅಲ್ಲಿತನಕರೆ ಬೇಕಲ್ರಿ."

ಅಪ್ಪ ಬಟ್ಟೆ ಒಗೆಯುವುದನ್ನು ಕಂಡು ನನಗೆ ನಗು ತಡೆಯಲಿಲ್ಲ. ಅವರಿಬ್ಬರೂ ನಗಲಿಲ್ಲ.

ಮಳೆ ಹಿಡಿಯುವ ಮೊದಲೇ ಅವ್ವ ಬೀದರಿನ ದವಾಖಾನೆ ಸೇರಿದಳು. ನನ್ನನ್ನು ಅಲ್ಲೇ ಹತ್ತಿರ ಚಿದ್ರಿಯ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಒಂದು ಮಧ್ಯಾಹ್ನ ಬೂದಿಬಣ್ಣದ ಅಂಗಿ ನಾನೇ ತೊಟ್ಟು ಹೋಗಿ ಆಕೆಯ ಮಂಚದ ಮುಂದೆ ನಿಂತೆ. ಏಳಲಾಗದೆ ಕೈಯಷ್ಟೇ ಚಾಚಿ ನನ್ನ ಕೊರಳಪಟ್ಟಿ ಸರಿಮಾಡಿದಳು. "ಛಂದ ಕಾಣ್ತಿ," ಎಂದಳು. ಅದೇ ಆಕೆ ನನ್ನೊಂದಿಗೆ ಆಡಿದ ಕೊನೆಯ ಮಾತು. ಎಕಂಬಾಕ್ಕೆ ಮರಳಿ ಬಂದದ್ದು ಆಕೆಯ ಹೆಣ.

ಅಪ್ಪ ಒಗೆದ, ಝಾಡಿಸಿದ, ಒಣಹಾಕಿದ. ಸಾಲೆಯಲ್ಲಿ ನನ್ನ ಬಟ್ಟೆ ನೋಡಿ ಯಾರೂ ತಾಯಿಯಿಲ್ಲದ ಮಗು ಎನ್ನುವಂತಿರಲಿಲ್ಲ. ಅದಕ್ಕಾಗಿಯೇ ಆಕೆ ಆ ನೋವಿನಲ್ಲೂ ಅಷ್ಟು ಹೊತ್ತು ಅಂಗಡಿಯಲ್ಲಿ ಕೂತಿದ್ದಳೆಂಬುದು ನಾನು ದೊಡ್ಡವಳಾದ ಮೇಲೆ ತಿಳಿಯಿತು.

ಈಗ ಅವ್ವನಿಗಿಂತ ನನಗೇ ಹೆಚ್ಚು ವಯಸ್ಸು. ಆಕೆ ಆಡಿದ ಮಾತುಗಳು ಬಹಳಷ್ಟು ನೆನಪಿವೆ, ದನಿ ಮಾತ್ರ ಮರೆತುಹೋಗಿದೆ. ಕಣ್ಣು ಮುಚ್ಚಿ ಎಷ್ಟೇ ಕಿವಿಗೊಟ್ಟರೂ ಆ ಮಾತುಗಳೆಲ್ಲ ನನ್ನದೇ ದನಿಯಲ್ಲಿ ಕೇಳಿಸುತ್ತವೆ.